ಇಳಿಜಾರಿನಲ್ಲಿ ಕೈಕೊಡುವ ಬ್ರೇಕ್: ದೋಷ ಹುಡುಕುವುದು, ಪೈಪ್ ಬದಲಿಸುವುದು, ಆಯಿಲ್ ಹೊಸದು ಮಾಡುವುದು

ಭಾನುವಾರ ನಂದಿ ಬೆಟ್ಟದಿಂದ ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಸೋಮವಾರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಅದೇ ಪೆಡಲ್ ಒತ್ತಿ, ‘ಗಟ್ಟಿಯಾಗಿಯೇ ಇದೆಯಲ್ಲ ಸಾರ್’ ಎನ್ನುತ್ತಾನೆ. ಇಬ್ಬರು ಹೇಳುವುದೂ ನಿಜ. ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ತಿರುವು ತಿರುವಾಗಿ ಇಳಿಯುವಷ್ಟು ಹೊತ್ತು ಕಾಲು ಪೆಡಲಿನ ಮೇಲೆಯೇ ಇದ್ದರೆ ಬ್ರೇಕ್ ವಿಪರೀತ ಕಾಯುತ್ತದೆ. ರಾತ್ರಿಯಿಡೀ ತಣ್ಣಗಾದ ಮೇಲೆ ದೋಷದ ಗುರುತೇ ಉಳಿದಿರುವುದಿಲ್ಲ. ಇಂತಹ ಗಾಡಿಗೆ ಹೊಸ ಪ್ಯಾಡ್ ಹಾಕಿಸಿ, ಅದೂ ಸಾಲದೆಂದು ಪೆಡಲಿನ ಬಲವನ್ನು ಆಯಿಲ್‌ಗೆ ದಾಟಿಸುವ ಮಾಸ್ಟರ್ ಸಿಲಿಂಡರ್ ಬದಲಿಸಿ, ಮುಂದಿನ ಬಾರಿ ಬೆಟ್ಟ ಇಳಿಯುವಾಗ ಮತ್ತೆ ಅದೇ ಭಯ ಅನುಭವಿಸಿದವರನ್ನು ಕಂಡಿದ್ದೇನೆ. ಯಾವ ಭಾಗ ಕೆಟ್ಟಿದೆ ಎಂದು ಕೇಳುವ ಮೊದಲು ಪೆಡಲ್ ಯಾವ ಹೊತ್ತಿನಲ್ಲಿ, ಯಾವ ರೀತಿಯಲ್ಲಿ ಕೈಕೊಟ್ಟಿತು ಎಂದು ಕೇಳಬೇಕು. ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ.

ಕಾದಾಗ ಮಾತ್ರ ಬರುವ ದೋಷ

ಇಳಿಜಾರಿನಲ್ಲಿ ಬರುವ ತೊಂದರೆಯಲ್ಲಿ ಎರಡು ಬಗೆಯಿದೆ. ಪೆಡಲ್ ಗಟ್ಟಿಯಾಗಿಯೇ ಇದ್ದು, ಎಷ್ಟು ಬಲ ಹಾಕಿದರೂ ಗಾಡಿ ನಿಲ್ಲದೆ, ಜೊತೆಗೆ ಸುಟ್ಟ ವಾಸನೆ ಬಂದರೆ ಡಿಸ್ಕನ್ನು ಹಿಡಿಯುವ ಪ್ಯಾಡ್ ಮತ್ತು ಡ್ರಮ್ಮನ್ನು ಒಳಗಿನಿಂದ ಒತ್ತುವ ಶೂ ಅತಿಯಾಗಿ ಕಾದು ಹಿಡಿತ ಕಳೆದುಕೊಂಡಿವೆ ಎಂದರ್ಥ. ಇದಕ್ಕೂ ಬ್ರೇಕ್ ಆಯಿಲ್‌ಗೂ ಸಂಬಂಧವಿಲ್ಲ. ಹತ್ತಿದ ಗೇರಿನಲ್ಲಿಯೇ ಇಳಿಯುವ ಅಭ್ಯಾಸ ಮಾಡಿಕೊಂಡರೆ ಬಹುಪಾಲು ಇದು ಮರುಕಳಿಸುವುದಿಲ್ಲ. ಆದರೆ ಪೆಡಲ್ ಮೆತ್ತಗಾಗಿ ನೆಲ ಮುಟ್ಟುವಷ್ಟು ಇಳಿದು, ಗಾಡಿ ನಿಲ್ಲಿಸಿ ತಣ್ಣಗಾದ ಮೇಲೆ ಮತ್ತೆ ಗಟ್ಟಿಯಾದರೆ ಕುದಿದಿರುವುದು ಆಯಿಲ್.

ಬ್ರೇಕ್ ಆಯಿಲ್ ಗ್ಲೈಕಾಲ್ ಜಾತಿಯ ದ್ರವ. ಡಬ್ಬಿಯ ಮುಚ್ಚಳ ತೆರೆದ ಕ್ಷಣದಿಂದಲೇ ಗಾಳಿಯ ತೇವವನ್ನು ಹೀರತೊಡಗುತ್ತದೆ. ಗಾಡಿಯೊಳಗೆ ಹೋದ ಮೇಲೂ ರಬ್ಬರ್ ಹೋಸಿನ ಮೂಲಕ ಸ್ವಲ್ಪ ಸ್ವಲ್ಪವಾಗಿ ನೀರು ಸೇರುತ್ತಲೇ ಇರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಸುಮಾರು 3.7 ಶೇಕಡಾ ನೀರು ಸೇರಿದ ಸ್ಥಿತಿಯಲ್ಲಿ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಬೆಟ್ಟ ಇಳಿಯುವ ಗಾಡಿಯಲ್ಲಿ ಡಿಸ್ಕಿಗೆ ಪ್ಯಾಡ್ ಒತ್ತುವ ಕ್ಯಾಲಿಪರ್ 140 ಡಿಗ್ರಿ ಮುಟ್ಟುವುದು ದೊಡ್ಡ ವಿಷಯವೇ ಅಲ್ಲ. ಆಗ ಏಳುವ ಆವಿಯ ಗುಳ್ಳೆಗಳು ಒತ್ತಿದರೆ ಕುಗ್ಗುತ್ತವೆ. ದ್ರವ ಕುಗ್ಗುವುದಿಲ್ಲ, ಅದಕ್ಕೇ ಬ್ರೇಕ್ ಹಿಡಿಯುತ್ತದೆ. ಗುಳ್ಳೆ ಕುಗ್ಗುತ್ತದೆ, ಅದಕ್ಕೇ ನಿಮ್ಮ ಕಾಲಿನ ಬಲ ಚಕ್ರ ತಲುಪುವುದಿಲ್ಲ. ವರ್ಷಗಟ್ಟಲೆ ಪೇಟೆಯೊಳಗೆ ಚೆನ್ನಾಗಿಯೇ ನಿಂತ ಗಾಡಿ ಒಂದೇ ಇಳಿಜಾರಿನಲ್ಲಿ ಮೋಸ ಮಾಡುವುದು ಹೀಗೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕೆಂದು ಹೆಚ್ಚಿನ ತಯಾರಕರು ಹೇಳುವುದು ಈ ಕಾರಣಕ್ಕೆ. ನಮ್ಮಲ್ಲಿ ಮಾತ್ರ ಗಾಡಿಯ ಆಯಿಲ್ ಡಬ್ಬಿಯಲ್ಲಿ ಮಟ್ಟದ ಗೆರೆ ಇಳಿದರೆ ಮೇಲಿನಿಂದ ಸುರಿದು ತುಂಬಿಸುವ ರೂಢಿಯೇ ಹೆಚ್ಚು. ತುಂಬಿಸಿದ ಹೊಸ ಆಯಿಲ್ ಮೇಲಿನ ಡಬ್ಬಿಯಲ್ಲಿಯೇ ಉಳಿಯುತ್ತದೆ. ಕುದಿಯುವ ಜಾಗವಾದ ಚಕ್ರದ ಬಳಿ ಹಳೆಯದೇ ಇರುತ್ತದೆ.

ಇಳಿಜಾರಿನ ನಡುವೆಯೇ ಪೆಡಲ್ ಮೆತ್ತಗಾದರೆ ಬೇಗ ಬೇಗ ಮತ್ತೆ ಮತ್ತೆ ಒತ್ತಿ ಬಿಡಿ, ಗೇರ್ ಇಳಿಸಿ, ಹ್ಯಾಂಡ್ ಬ್ರೇಕನ್ನು ಒಮ್ಮೆಲೇ ಎಳೆಯದೆ ನಿಧಾನವಾಗಿ ಎಳೆಯುತ್ತಾ ಬೆಟ್ಟದ ಗೋಡೆಯ ಬದಿಗೆ ನಿಲ್ಲಿಸಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಅದು ಸೊಟ್ಟಗಾಗಬಹುದು ಅಥವಾ ಬಿರುಕು ಬಿಡಬಹುದು. ತಣ್ಣಗಾದ ಮೇಲೆ ಪೆಡಲ್ ಗಟ್ಟಿಯಾಯಿತೆಂದು ಧೈರ್ಯ ಮಾಡಬೇಡಿ. ಮೊದಲನೇ ಗೇರಿನಲ್ಲಿ ಇಳಿದು ಮನೆ ಸೇರಿ, ಆಯಿಲ್ ಬದಲಿಸುವವರೆಗೆ ಗಾಡಿಯನ್ನು ಮತ್ತೆ ಬೆಟ್ಟಕ್ಕೆ ಒಯ್ಯಬೇಡಿ.

ತಣ್ಣಗಿದ್ದಾಗಲೂ ಇರುವ ದೋಷ

ಮನೆ ಮುಂದೆ ನಿಂತ ಗಾಡಿಯಲ್ಲಿಯೂ ಪೆಡಲ್ ಸರಿಯಿಲ್ಲದಿದ್ದರೆ ಎಂಜಿನ್ ಆಫ್ ಮಾಡಿ ಕುಳಿತುಕೊಳ್ಳಿ. ಮೊದಲ ಒತ್ತಿಗೆ ಆಳಕ್ಕೆ ಹೋಗಿ, ಎರಡನೆಯ ಮೂರನೆಯ ಒತ್ತಿಗೆ ಮೇಲೇರಿ ಗಟ್ಟಿಯಾದರೆ ಹಿಂದಿನ ಡ್ರಮ್ಮಿನ ಶೂ ದೂರ ಸರಿದಿರುವ ಸಂಭವ ಹೆಚ್ಚು. ಹ್ಯಾಂಡ್ ಬ್ರೇಕ್ ಕೂಡ ತೀರಾ ಮೇಲಕ್ಕೆ ಬರುತ್ತಿದ್ದರೆ ಅನುಮಾನವೇ ಬೇಡ, ಶೂ ಅಡ್ಜಸ್ಟ್ ಮಾಡಿ. ಮೇಲೇರಿದರೂ ಮೆತ್ತಗೆಯೇ ಇದ್ದರೆ ಪೈಪಿನಲ್ಲಿ ಗಾಳಿ ಸೇರಿದೆ. ಒಂದೇ ಸಮನಾದ ಬಲದಿಂದ ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗಿಳಿಯುತ್ತಾ ಹೋದರೆ ಆಯಿಲ್ ಎಲ್ಲಿಯೋ ಹೊರಗೆ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲ್ ಸವೆದು ಆಯಿಲ್ ಒಳಗೊಳಗೇ ಹಿಂದಕ್ಕೆ ನುಸುಳುತ್ತಿದೆ. ಈ ಎರಡರ ನಡುವಿನ ತೀರ್ಪನ್ನು ಆಯಿಲ್ ಡಬ್ಬಿ ಕೊಡುತ್ತದೆ: ಗೆರೆ ಇಳಿಯುತ್ತಿದ್ದರೆ ಹೊರಗಿನ ಸೋರಿಕೆ, ಇಳಿಯದಿದ್ದರೆ ಮಾಸ್ಟರ್ ಸಿಲಿಂಡರ್. ಪ್ಯಾಡ್ ಸವೆದಂತೆ ಗೆರೆ ತಿಂಗಳುಗಳಲ್ಲಿ ಸ್ವಲ್ಪ ಇಳಿಯುವುದು ಸಹಜ. ದಿನಗಳಲ್ಲಿ ಇಳಿದರೆ ಅದು ಸೋರಿಕೆಯೇ.

ಪೆಡಲ್ ಕಲ್ಲಿನ ಹಾಗೆ ಗಟ್ಟಿಯಿದ್ದು ಬ್ರೇಕ್ ಮಾತ್ರ ಮಂದವಾಗಿದ್ದರೆ ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರ್ ನೋಡಿ. ಎಂಜಿನ್ ಆಫ್ ಇರುವಾಗ ನಾಲ್ಕೈದು ಬಾರಿ ಒತ್ತಿ, ಕೊನೆಯ ಬಾರಿ ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಕಾಲಿನ ಕೆಳಗೆ ಪೆಡಲ್ ತುಸು ಇಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ.

ಗಾಡಿ ಬ್ರೇಕ್ ಹಾಕಿದಾಗ ಒಂದು ಬದಿಗೆ ಎಳೆಯುವುದು, ಬಿಟ್ಟ ಮೇಲೂ ಒಂದು ಚಕ್ರ ಬಿಗಿಯಾಗಿಯೇ ಇದ್ದು ಕೈ ಸುಡುವಷ್ಟು ಕಾಯುವುದು, ಇವುಗಳನ್ನು ಕಂಡ ಕೂಡಲೇ ಕ್ಯಾಲಿಪರ್ ಜಾಮ್ ಎಂದು ನಿರ್ಧರಿಸುವವರೇ ಹೆಚ್ಚು. ಆದರೆ ಹಳೆಯ ರಬ್ಬರ್ ಹೋಸ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಪದರ ಉಬ್ಬಿ ದಾರಿ ಮುಚ್ಚಿರಬಹುದು. ಪೆಡಲಿನ ಒತ್ತಡಕ್ಕೆ ಆಯಿಲ್ ಮುಂದೆ ಹೋಗುತ್ತದೆ, ಹಿಂದಕ್ಕೆ ಬರಲು ಮಾತ್ರ ಆಗುವುದಿಲ್ಲ. ಪರೀಕ್ಷೆ ಸುಲಭ. ಚಕ್ರವನ್ನು ಜಾಕ್ ಮೇಲೆತ್ತಿ, ಬಿಗಿಯಾಗಿರುವಾಗಲೇ ಕ್ಯಾಲಿಪರಿನ ಬ್ಲೀಡ್ ನಿಪ್ಪಲ್ (ಆಯಿಲ್, ಗಾಳಿ ಹೊರಬಿಡುವ ಸಣ್ಣ ತೂತಿನ ತಿರುಪು) ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಡುಗಡೆಯಾದರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತು, ದೋಷ ಹೋಸಿನಲ್ಲಿಯೋ ಅದರ ಹಿಂದೆಯೋ ಇದೆ. ಮುಂದಿನ ಬಾರಿ ಬಿಗಿಯಾದಾಗ ಹೋಸಿಗೂ ಲೋಹದ ಪೈಪಿಗೂ ಸೇರುವ ನಟ್ ಸಡಿಲಿಸಿ ನೋಡಿ. ಆಗಲೂ ಚಕ್ರ ಬಿಡದಿದ್ದರೆ ಹೋಸ್ ಬದಲಿಸಬೇಕು. ನಿಪ್ಪಲ್ ಬಿಟ್ಟರೂ ಚಕ್ರ ತಿರುಗದಿದ್ದರೆ ಮಾತ್ರ ಕ್ಯಾಲಿಪರನ್ನು ದೂರಬೇಕು.

ಸೋರಿಕೆ ಎಲ್ಲಿದೆ?

ಗೆರೆ ಇಳಿಯುತ್ತಿದೆ, ನೆಲದ ಮೇಲೆ ಹನಿ ಕಾಣುತ್ತಿಲ್ಲ ಎಂದರೆ ಹುಡುಕಬೇಕಾದ ಜಾಗಗಳು ಮೂರು ನಾಲ್ಕೇ. ಹಿಂದಿನ ಡ್ರಮ್ ಬಿಚ್ಚಿ, ಶೂಗಳನ್ನು ಅಗಲಿಸುವ ವೀಲ್ ಸಿಲಿಂಡರಿನ ರಬ್ಬರ್ ಟೋಪಿಯ ಅಂಚನ್ನು ಎತ್ತಿ ನೋಡಿ. ಒಳಗೆ ಒದ್ದೆಯಿದ್ದರೆ ಸಿಲಿಂಡರ್ ಹೋಗಿದೆ, ಆಯಿಲ್ ಕುಡಿದ ಶೂ ಕೂಡ ಹೋಗಿದೆ. ಹೋಸುಗಳ ಎರಡೂ ತುದಿ ನೋಡಿ. ಎಲ್ಲಿಯೂ ಕಾಣದಿದ್ದರೆ ಮಾಸ್ಟರ್ ಸಿಲಿಂಡರ್ ಬೂಸ್ಟರಿಗೆ ಸೇರುವ ಜಾಗದ ಕೆಳಭಾಗಕ್ಕೆ ಬೆರಳಿಟ್ಟು ನೋಡಿ. ಹಿಂದಿನ ಸೀಲ್ ಸವೆದರೆ ಆಯಿಲ್ ಬೂಸ್ಟರಿನೊಳಗೆ ಹೋಗಿ ತುಂಬಿಕೊಳ್ಳುತ್ತದೆ, ಹೊರಗೆ ಒಂದು ಹನಿಯೂ ಬೀಳುವುದಿಲ್ಲ.

ಉಳಿದದ್ದು ಗಾಡಿಯ ಹೊಟ್ಟೆಯುದ್ದಕ್ಕೂ ಹಿಂದಕ್ಕೆ ಹೋಗುವ ಉಕ್ಕಿನ ಪೈಪ್. ಇಲ್ಲಿ ನಮ್ಮ ಜಿಲ್ಲೆಯ ಗಾಡಿಗಳ ಬಗ್ಗೆ ಒಂದು ಮಾತು ಹೇಳಬೇಕು. ಸಮುದ್ರ ದೂರ, ಮಳೆ ಕಡಿಮೆ, ತುಕ್ಕು ಎಲ್ಲಿಂದ ಬರಬೇಕು ಎಂದು ಕೇಳುತ್ತಾರೆ. ಚಿಂತಾಮಣಿಗೋ ಕೋಲಾರಕ್ಕೋ ಟೊಮೆಟೊ ಸಾಗಿಸುವ ಗಾಡಿಯ ಹಲಗೆಯ ಸಂದಿನಿಂದ ಕೆಳಗಿಳಿಯುವ ರಸ ಹುಳಿಯಾದದ್ದು. ಬರುವಾಗ ಅದೇ ಗಾಡಿ ಗೊಬ್ಬರದ ಚೀಲ ತರುತ್ತದೆ, ಚೀಲದಿಂದ ಉದುರಿದ ಗೊಬ್ಬರ ಉಪ್ಪೇ. ಇವೆರಡೂ ಕೆಂಪು ಮಣ್ಣಿನ ಜೊತೆ ಸೇರಿ ಪೈಪನ್ನು ಹಿಡಿದಿರುವ ಕ್ಲಿಪ್ಪಿನ ಹಿಂದೆ ಗಟ್ಟಿಯಾಗಿ ಕೂರುತ್ತವೆ, ಪ್ರತಿ ಮಳೆಗೂ ಅಲ್ಲಿ ತೇವ ನಿಲ್ಲುತ್ತದೆ. ನೆರೆಮನೆಯವರ ಸರಕು ಗಾಡಿಯಲ್ಲಿ ಪೈಪ್ ಉದ್ದಕ್ಕೂ ಫಳಫಳ ಹೊಳೆಯುತ್ತಿತ್ತು. ಹಿಂದಿನ ಆಕ್ಸಲಿನ ಮೇಲಿನ ಒಂದೇ ಕ್ಲಿಪ್ ಬಿಚ್ಚಿದಾಗ ಅದರಡಿಯಲ್ಲಿ ಲೋಹ ಪದರ ಪದರವಾಗಿ ಎದ್ದುಬಂತು. ಹಾಗಾಗಿ ಕಣ್ಣಿಗೆ ಕಾಣುವ ಉದ್ದವನ್ನು ನಂಬಬೇಡಿ, ಪ್ರತಿ ಕ್ಲಿಪ್ ಬಿಚ್ಚಿ ತಂತಿ ಬ್ರಷ್ಷಿನಿಂದ ಉಜ್ಜಿ ನೋಡಿ. ಉಜ್ಜಿದ ಮೇಲೆ ಮೇಲ್ಮೈಯಲ್ಲಿ ಗುಳಿ ಬಿದ್ದಿದ್ದರೆ ಸೋರದಿದ್ದರೂ ಆ ಪೈಪ್ ಬದಲಾಗಬೇಕು.

ಸೋರುವ ಜಾಗಕ್ಕೆ ರಬ್ಬರ್ ಟ್ಯೂಬ್ ತೊಡಿಸಿ ಕ್ಲಿಪ್ ಬಿಗಿಯುವುದು, ಎಂ-ಸೀಲ್ ಮೆತ್ತುವುದು, ನೀರಿನ ನಲ್ಲಿಯವರ ಜೋಡಣೆ ಹಾಕುವುದು, ಇವೆಲ್ಲವನ್ನೂ ರಸ್ತೆಬದಿಯಲ್ಲಿ ಮಾಡಿಕೊಡುವವರಿದ್ದಾರೆ. ಕಾರಿನ ಟೈರಿನೊಳಗಿನ ಒತ್ತಡ 30 ಪಿಎಸ್ಐ ಆಸುಪಾಸು. ಬಲವಾಗಿ ಬ್ರೇಕ್ ಒತ್ತಿದಾಗ ಈ ಸಣ್ಣ ಪೈಪಿನೊಳಗಿನ ಒತ್ತಡ ಸಾವಿರ ಪಿಎಸ್ಐ ದಾಟುತ್ತದೆ. ಅಷ್ಟು ಒತ್ತಡ ಬರುವುದು ಎದುರಿಗೆ ಮಗುವೋ ಹಸುವೋ ಅಡ್ಡ ಬಂದಾಗಲೇ. ಅಂತಹ ತೇಪೆ ಹರಿಯುವುದೂ ಆಗಲೇ. ದಯವಿಟ್ಟು ಮಾಡಬೇಡಿ, ಮಾಡಿಸಬೇಡಿ.

ಪೈಪ್ ಬದಲಿಸುವಾಗ

ನಿಮ್ಮ ಗಾಡಿಗೆ ತಯಾರಾಗಿ ಬಾಗಿಸಿದ ಮೂಲ ಪೈಪ್ ಸಿಕ್ಕರೆ ಅದನ್ನೇ ಕೊಳ್ಳಿ. ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ. ಹಳೆಯ ಪೈಪ್, ಹಳೆಯ ನಟ್ ಎರಡನ್ನೂ ಮಾದರಿಗೆ ಒಯ್ಯಿರಿ. ಸ್ವತಃ ಮಾಡಿಕೊಳ್ಳುವುದಾದರೆ ಬ್ರೇಕಿಗೆಂದೇ ತಯಾರಾದ ಉಕ್ಕಿನ ಪೈಪ್ ಅಥವಾ ತಾಮ್ರ-ನಿಕಲ್ ಮಿಶ್ರಲೋಹದ ಪೈಪ್ ತೆಗೆದುಕೊಳ್ಳಿ. ಎರಡನೆಯದು ತುಕ್ಕು ಹಿಡಿಯುವುದಿಲ್ಲ, ಕೈಯಲ್ಲಿಯೇ ಬಾಗುತ್ತದೆ, ನನ್ನ ಆಯ್ಕೆ ಅದೇ. ಫ್ರಿಜ್ ದುರಸ್ತಿಯವರ ಬರಿ ತಾಮ್ರದ ಪೈಪ್ ಬೇಡ, ಅದು ನಡುಗಿ ನಡುಗಿ ಗಡುಸಾಗಿ ಬಿರುಕು ಬಿಡುತ್ತದೆ. ಬಹಳಷ್ಟು ಸಣ್ಣ ಕಾರುಗಳಲ್ಲಿ ಪೈಪಿನ ಹೊರವ್ಯಾಸ 4.75 ಮಿಲಿಮೀಟರ್.

ಗಾಡಿಯನ್ನು ಗಟ್ಟಿ ನೆಲದಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕೆಳಗೆ ಉಳಿದ ಚಕ್ರಗಳಿಗೆ ಕಲ್ಲು ಕೊಡಿ. ಸಿಮೆಂಟ್ ಬ್ಲಾಕ್ ಅಥವಾ ಇಟ್ಟಿಗೆಯ ಮೇಲೆ ಕೂರಿಸಿ ಅದರಡಿಗೆ ನುಸುಳುವುದು ಪ್ರಾಣದ ಜೊತೆ ಆಟ, ಅವು ಮುನ್ಸೂಚನೆಯಿಲ್ಲದೆ ಒಡೆಯುತ್ತವೆ. ಹಿಂದಿನ ದಿನವೇ ನಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ. ಬಿಚ್ಚಲು ಸಾಮಾನ್ಯ ಓಪನ್ ಸ್ಪ್ಯಾನರ್ ಹಾಕಿದರೆ ನಟ್ಟಿನ ಮೂಲೆಗಳು ಸವೆದು ದುಂಡಾಗುತ್ತವೆ. ಪೈಪಿನ ಮೂಲಕ ತೂರಿಸಿ ನಟ್ಟನ್ನು ಸುತ್ತಲೂ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರ್ ಒಂದನ್ನು ಕೊಳ್ಳಲೇಬೇಕು. ಆಯಿಲ್ ಡಬ್ಬಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಗಿಸಿ, ಬಿಚ್ಚಿದ ತುದಿಗೆ ರಬ್ಬರ್ ಬಿರಡೆ ಹಾಕಿ. ಡಬ್ಬಿ ಪೂರ್ತಿ ಖಾಲಿಯಾಗಿ ಮಾಸ್ಟರ್ ಸಿಲಿಂಡರಿಗೆ ಗಾಳಿ ಹೋಗುವುದು ಇದರಿಂದ ತಪ್ಪುತ್ತದೆ.

ಹಳೆಯ ಪೈಪಿನ ಹಾದಿಯನ್ನು ದಾರದಿಂದ ಅಳೆದು ಹೊಸದನ್ನು ಕತ್ತರಿಸಿ, ಒಳ ಅಂಚಿನ ಚೂರುಗಳನ್ನು ತೆಗೆದು, ಊದಿ ಸ್ವಚ್ಛ ಮಾಡಿ. ಪೈಪಿಗೆ ನಟ್ ಪೋಣಿಸಿದ ಮೇಲೆಯೇ ತುದಿ ಅರಳಿಸಬೇಕು. ಅರಳಿಸಿದ ಮೇಲೆ ನಟ್ ಹೋಗುವುದಿಲ್ಲ. ತುದಿಯ ಆಕಾರದಲ್ಲಿ ಎರಡು ಪದ್ಧತಿಗಳಿವೆ: ಒಳಕ್ಕೆ ಮಡಿಚಿ ಎರಡು ಪದರ ಮಾಡಿದ ಆಲಿಕೆಯಂತಹದ್ದು ಒಂದು, ಗುಳ್ಳೆಯಂತೆ ಉಬ್ಬಿದ್ದು ಇನ್ನೊಂದು. ಹಳೆಯ ತುದಿ ಯಾವ ಆಕಾರವೋ ಹೊಸದೂ ಅದೇ ಆಗಬೇಕು. ಅದಲು ಬದಲು ಮಾಡಿದರೆ ಎಷ್ಟು ಬಿಗಿದರೂ ಸೋರುತ್ತದೆ. ಒಂದೇ ಪದರದ ಆಲಿಕೆ ಬ್ರೇಕಿಗೆ ಸಲ್ಲದು. ಬೇಡದ ತುಂಡಿನ ಮೇಲೆ ಕೈ ಪಳಗುವವರೆಗೆ ಅಭ್ಯಾಸ ಮಾಡಿ. ಓರೆಯಾಗಿಯೋ ಸೀಳಿಯೋ ಬಂದದ್ದನ್ನು ಕತ್ತರಿಸಿ ಎಸೆಯಿರಿ.

ಕೂರಿಸುವಾಗ ನಟ್ಟನ್ನು ಮೊದಲು ಬೆರಳಿನಿಂದಲೇ ಹಲವು ಸುತ್ತು ತಿರುಗಿಸಿ. ಬೆರಳಿಗೆ ಬಗ್ಗದ ನಟ್ ಓರೆಯಾಗಿ ಹತ್ತಿದೆ, ಸ್ಪ್ಯಾನರ್ ಹಾಕಿದರೆ ಇಡೀ ಸಿಲಿಂಡರಿನ ಮರೆ (ನಟ್ ತಿರುಗುವ ಸುರುಳಿ ಗೆರೆ) ಹಾಳು. ಅಂತಿಮ ಬಿಗಿ ಸಾಮಾನ್ಯವಾಗಿ 15 ನ್ಯೂಟನ್ ಮೀಟರ್ ಆಸುಪಾಸು, ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಬೇರೆ ಅಂಕಿಯಿದ್ದರೆ ಅದೇ ಪ್ರಮಾಣ. ಎಲ್ಲ ಕ್ಲಿಪ್ಪುಗಳನ್ನೂ ಮೊದಲಿದ್ದ ಜಾಗದಲ್ಲಿಯೇ ಹಾಕಿ. ಪೈಪ್ ಸೈಲೆನ್ಸರಿನಿಂದ ದೂರವಿರಲಿ, ಆಕ್ಸಲ್ ಮೇಲೆ ಕೆಳಗೆ ಆಡಿದಾಗ ಎಲ್ಲಿಯೂ ಉಜ್ಜದಿರಲಿ. ಮುಂದಿನ ಹೋಸನ್ನು ಕ್ಯಾಲಿಪರಿಗೆ ಬೋಲ್ಟಿನಿಂದ ಹಿಡಿಸಿರುವ ಕಡೆ ಬೋಲ್ಟಿನ ಎರಡೂ ಬದಿಯ ತಾಮ್ರದ ವಾಷರ್ ಹೊಸದಾಗಿರಬೇಕು.

ಹಳೆಯ ಆಯಿಲ್ ತೆಗೆದು ಹೊಸದು ತುಂಬುವುದು

ಯಾವ ದರ್ಜೆ ಬೇಕೆಂದು ಗಾಡಿಯ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆಯೇ ಬರೆದಿರುತ್ತದೆ. ಡಾಟ್ 3 ಕೇಳುವ ಗಾಡಿಗೆ ಡಾಟ್ 4 ಹಾಕಬಹುದು. ಡಾಟ್ 5 ಸಿಲಿಕೋನ್ ಜಾತಿಯದು, ಇವುಗಳ ಜೊತೆ ಬೆರೆಸಬಾರದು. ಎಂಜಿನ್ ಆಯಿಲ್, ಸ್ಟಿಯರಿಂಗ್ ಆಯಿಲ್ ಒಂದು ಹನಿಯೂ ಸೇರಕೂಡದು, ಒಳಗಿನ ರಬ್ಬರ್ ಸೀಲುಗಳೆಲ್ಲ ಉಬ್ಬಿ ಕೆಡುತ್ತವೆ. ಸಣ್ಣ ಕಾರಿಗೆ ಸೀಲ್ ಒಡೆಯದ ಒಂದು ಲೀಟರ್ ಸಾಕು. ಯಾವಾಗಲೋ ತೆರೆದು ಅಟ್ಟದ ಮೇಲಿಟ್ಟ ಅರ್ಧ ಡಬ್ಬಿ ಆಗಲೇ ನೀರು ಕುಡಿದಿರುತ್ತದೆ, ಅದನ್ನು ಬಳಸಬೇಡಿ. ಬಣ್ಣದ ಮೇಲೆ ಚೆಲ್ಲಿದರೆ ಬಣ್ಣ ಏಳುತ್ತದೆ, ಕೂಡಲೇ ನೀರು ಹಾಕಿ ತೊಳೆಯಿರಿ.

ಮೊದಲು ಸಿರಿಂಜಿನಿಂದ ಡಬ್ಬಿಯ ಹಳೆಯ ಆಯಿಲ್ ಹೀರಿ ತೆಗೆದು, ತಳದ ಕೆಸರನ್ನು ಒರೆಸಿ, ಹೊಸದು ತುಂಬಿ. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಆರಂಭಿಸುವುದು ರೂಢಿ. ನಮ್ಮ ಬಲಗೈ ಸ್ಟಿಯರಿಂಗ್ ಗಾಡಿಗಳಲ್ಲಿ ಅದು ಹಿಂದಿನ ಎಡ ಚಕ್ರ, ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಕೆಲವು ಕಾರುಗಳಲ್ಲಿ ಪೈಪ್ ವ್ಯವಸ್ಥೆ ಅಡ್ಡಮೂಲೆಯ ಚಕ್ರಗಳನ್ನು ಜೋಡಿ ಮಾಡಿರುತ್ತದೆ, ಅವುಗಳ ಕ್ರಮ ಬೇರೆಯಿರಬಹುದು, ಪುಸ್ತಕ ನೋಡಿ. ನಿಪ್ಪಲಿಗೆ ಪಾರದರ್ಶಕ ಟ್ಯೂಬ್ ತೊಡಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಹೊಸ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ.

ಪೆಡಲಿನ ಬಳಿ ಇನ್ನೊಬ್ಬರು ಬೇಕು, ಅವರು ಮಾತು ಕೇಳುವವರಾಗಿರಬೇಕು. ನಮ್ಮ ಮನೆಯಲ್ಲಿ ಕ್ರಮ ಹೀಗಿದೆ: ನಾನು ‘ಒತ್ತಪ್ಪ’ ಎಂದರೆ ತಮ್ಮ ಒತ್ತಿ ಹಿಡಿದು ‘ಒತ್ತಿದ್ದೇನಣ್ಣ’ ಎನ್ನುತ್ತಾನೆ. ಆಗ ನಿಪ್ಪಲ್ ಸಡಿಲಿಸುತ್ತೇನೆ, ಆಯಿಲ್ ಹರಿಯುತ್ತದೆ, ನಿಪ್ಪಲ್ ಬಿಗಿದ ಮೇಲೆಯೇ ‘ಬಿಡು’ ಎನ್ನುತ್ತೇನೆ. ನಿಪ್ಪಲ್ ತೆರೆದಿರುವಾಗ ಕಾಲು ಎತ್ತಿದರೆ ಗಾಳಿ ಒಳಕ್ಕೆ ಹೋಗಿ ಮಾಡಿದ ಕೆಲಸವೆಲ್ಲ ವ್ಯರ್ಥ. ಹಳೆಯ ಗಾಡಿಯಲ್ಲಿ ಪೆಡಲಿನ ಅಡಿಗೆ ಮರದ ತುಂಡೊಂದನ್ನು ಇಡಿ. ಪೆಡಲ್ ದಿನವೂ ಆಡದ ಆಳಕ್ಕೆ ಹೋದರೆ, ಸಿಲಿಂಡರಿನೊಳಗೆ ತುಕ್ಕು ಕೂತ ಭಾಗದ ಮೇಲೆ ಸೀಲ್ ಉಜ್ಜಿ ಹರಿಯುತ್ತದೆ. ಆಯಿಲ್ ಬದಲಿಸಿದ ವಾರದೊಳಗೆ ಮಾಸ್ಟರ್ ಸಿಲಿಂಡರ್ ಹೋಯಿತೆಂಬ ದೂರಿನ ಹಿಂದೆ ಇದೇ ಕಾರಣ ಇರುವುದುಂಟು.

ಟ್ಯೂಬಿನಲ್ಲಿ ಕಂದು ಹೋಗಿ ತಿಳಿ ಹಳದಿ ಬರುವವರೆಗೆ, ಗುಳ್ಳೆ ನಿಲ್ಲುವವರೆಗೆ ಮುಂದುವರಿಸಿ. ನಡುನಡುವೆ ಡಬ್ಬಿ ನೋಡುತ್ತಿರಿ, ಗೆರೆ ಕನಿಷ್ಠ ಮಟ್ಟಕ್ಕಿಂತ ಕೆಳಗಿಳಿಯಲೇಬಾರದು. ತೆಗೆದ ಆಯಿಲ್ ವಿಷ. ಕುಡಿಯುವ ನೀರಿನ ಬಾಟಲಿಯಲ್ಲಿ ಇಡಬೇಡಿ, ಚರಂಡಿಗೋ ಕೊಳವೆಬಾವಿಯ ಬಳಿಗೋ ಸುರಿಯಬೇಡಿ, ಗುರುತು ಬರೆದ ಡಬ್ಬಿಯಲ್ಲಿ ಹಳೆಯ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.

ಎಷ್ಟು ತೆಗೆದರೂ ಪೆಡಲ್ ಮೆತ್ತಗೆಯೇ ಇದ್ದರೆ ಎರಡು ಜಾಗ ನೋಡಿ. ಸರಕು ಗಾಡಿಗಳಲ್ಲಿ ಹಿಂದಿನ ಆಕ್ಸಲಿಗೂ ಚಾಸಿಸಿಗೂ ನಡುವೆ, ಹೊರೆಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವ ವಾಲ್ವ್ ಇರುತ್ತದೆ. ಚಾಸಿಸ್ ಎತ್ತಿ ಆಕ್ಸಲ್ ತೂಗಾಡುತ್ತಿದ್ದರೆ ಅದು ಗಾಡಿ ಖಾಲಿಯಿದೆ ಎಂದು ತಿಳಿದು ದಾರಿ ಕಿರಿದಾಗಿಸುತ್ತದೆ, ಆಗ ಹಿಂದಿನ ಗಾಳಿ ಸರಿಯಾಗಿ ಹೊರಬರುವುದಿಲ್ಲ. ಸ್ಟ್ಯಾಂಡನ್ನು ಆಕ್ಸಲಿನ ಅಡಿಗೆ ಕೊಟ್ಟು ಮತ್ತೆ ಮಾಡಿ. ಇನ್ನೊಂದು, ಎಡ ಬಲ ಅದಲು ಬದಲಾಗಿ ಕೂತ ಕ್ಯಾಲಿಪರ್. ನಿಪ್ಪಲ್ ಕೆಳಮುಖವಾಗಿದ್ದರೆ ಗಾಳಿ ಮೇಲ್ಭಾಗದಲ್ಲಿಯೇ ಉಳಿಯುತ್ತದೆ.

ಎಬಿಎಸ್ (ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಗಳಲ್ಲಿ ಆಯಿಲ್ ಬದಲಾವಣೆಯನ್ನು ಮನೆಯಲ್ಲಿ ಮಾಡಬಹುದು, ಡಬ್ಬಿ ಖಾಲಿಯಾಗಲು ಬಿಡದಿದ್ದರೆ ಸಾಕು. ಎಬಿಎಸ್ ಘಟಕದೊಳಕ್ಕೆ ಗಾಳಿ ಹೋದರೆ ಅಥವಾ ಅದಕ್ಕೆ ಸೇರಿದ ಪೈಪ್ ಬಿಚ್ಚಬೇಕಾದರೆ ಸ್ಕ್ಯಾನರ್ ಇರುವ ವರ್ಕ್‌ಶಾಪ್ ಬೇಕಾಗುವುದು ಹೆಚ್ಚು.

ರಸ್ತೆಗೆ ತೆಗೆಯುವ ಮೊದಲು ಎಂಜಿನ್ ಚಾಲೂ ಮಾಡಿ, ತಮ್ಮನನ್ನೋ ಮಗನನ್ನೋ ಕೂರಿಸಿ ಒಂದೆರಡು ನಿಮಿಷ ಪೆಡಲನ್ನು ಬಲವಾಗಿ ಒತ್ತಿ ಹಿಡಿಯಲು ಹೇಳಿ. ನೀವು ಹೊರಗಿನಿಂದ ಟಾರ್ಚ್ ಹಿಡಿದು ಬಿಚ್ಚಿದ ಪ್ರತಿ ನಟ್ಟಿಗೂ ಬಿಳಿ ಕಾಗದ ಒತ್ತಿ ನೋಡಿ. ಕಾಗದ ಒಣಗಿಯೇ ಇದ್ದರೆ ಜನರಿಲ್ಲದ ಸಮತಟ್ಟು ರಸ್ತೆಯಲ್ಲಿ, ಹ್ಯಾಂಡ್ ಬ್ರೇಕ್ ಮೇಲೆ ಕೈಯಿಟ್ಟುಕೊಂಡು, ನಡಿಗೆಯ ವೇಗದಿಂದ ಶುರುಮಾಡಿ ನಿಧಾನವಾಗಿ 40 ಕಿಲೋಮೀಟರ್ ವೇಗದವರೆಗೆ ಹೋಗಿ ನಿಲ್ಲಿಸಿ ನೋಡಿ. ಮರಳಿ ಬಂದು ಮತ್ತೊಮ್ಮೆ ಕಾಗದ ಒತ್ತಿ. ಡಬ್ಬಿಯ ಗೆರೆಗೆ ಪೆನ್ನಿನಿಂದ ಗುರುತು ಹಾಕಿ, ಪಕ್ಕದಲ್ಲಿ ತಾರೀಖು ಬರೆದು, ವಾರದವರೆಗೆ ಪ್ರತಿ ಬೆಳಿಗ್ಗೆ ನೋಡಿ. ಗುರುತಿಗಿಂತ ಇಳಿದರೆ ಆ ದಿನ ಗಾಡಿ ತೆಗೆಯಬೇಡಿ. ಒದ್ದೆಯಾದ ನಟ್ಟನ್ನು ಇನ್ನಷ್ಟು ಬಿಗಿಯುತ್ತಾ ಹೋಗುವ ಬದಲು ಬಿಚ್ಚಿ, ತುದಿ ಕತ್ತರಿಸಿ, ಹೊಸದಾಗಿ ಅರಳಿಸಿ ಕೂರಿಸಿ, ಆ ಚಕ್ರದ ಗಾಳಿಯನ್ನು ಮತ್ತೆ ತೆಗೆಯಿರಿ.